ಹಂಚಿನ ಕಾರ್ಖಾನೆಯಲ್ಲಿ ಸಿಕ್ಕ ಸ್ವರ

ಗಂಟಲಿನ ಗಂಟು ತೆಗೆಯುವ ಮೊದಲೇ ಡಾಕ್ಟರು ಹೇಳಿದ್ದರು. ಗಂಟಿನ ಹಿಂದೆಯೇ ದನಿಯ ನರ ಹಾದುಹೋಗಿರುತ್ತದೆ, ಎಷ್ಟು ಜೋಪಾನ ಮಾಡಿದರೂ ಅದಕ್ಕೆ ಪೆಟ್ಟಾಗುವ ಸಂಭವ ಇದ್ದೇ ಇರುತ್ತದೆ ಎಂದು. ನಾನು ಒಪ್ಪಿಕೊಂಡಿದ್ದೆ. ಅನ್ನ ನುಂಗುವುದೇ ಕಷ್ಟವಾಗಿದ್ದ ಆ ದಿನಗಳಲ್ಲಿ ಹಾಡಿನ ಚಿಂತೆ ಹಿಂದೆ ಸರಿದಿತ್ತು. ಹೊಲಿಗೆ ಬಿಚ್ಚಿ, ಮಾತಾಡದೆ ಇರಬೇಕಾದ ವಾರಗಳೂ ಮುಗಿದ ಮೇಲೆ, ಹಿಂದವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಹಾರ್ಮೋನಿಯಂ ಎದುರಿಗಿಟ್ಟುಕೊಂಡು ಷಡ್ಜ ಹಿಡಿದೆ. ದನಿ ಬಂತು. ಮೇಲಕ್ಕೆ ಹೋದೆ. ಪಂಚಮ ದಾಟುತ್ತಿದ್ದಂತೆ ಬಾಯಿಂದ ಬರೀ ಗಾಳಿ ಹೊರಬಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೆಳಗಾವಿಯ ಒಂದು ಆರ್ಕೆಸ್ಟ್ರಾದಲ್ಲಿ ಹೆಣ್ಣುದನಿಯ ಹಾಡುಗಳೆಲ್ಲ ನನ್ನ ಪಾಲಿಗಿದ್ದವು. ಹಿಂದಿ, ಮರಾಠಿ, ಕನ್ನಡ, ಮೂರೂ ಭಾಷೆಯ ಸಿನಿಮಾ ಹಾಡುಗಳು. ಗಣಪತಿ ಮಂಡಳಿ, ಮದುವೆ, ಕಾಲೇಜಿನ ಗ್ಯಾದರಿಂಗ್ ಎಂದು ವರ್ಷವಿಡೀ ಓಡಾಟ. ಜನ ನನ್ನಿಂದ ಕೇಳಬಯಸುತ್ತಿದ್ದುದು ಮೇಲಿನ ಸಪ್ತಕವನ್ನೇ. ಅಲ್ಲಿ ದನಿ ಏರಿ ನಿಂತಾಗ ಹಿಂದಿನ ಸಾಲಿನವರು ಸಿಳ್ಳೆ ಹಾಕುತ್ತಿದ್ದರು. ಆ ಸಪ್ತಕವೇ ಹೋಗಿತ್ತು.

ಆರ್ಕೆಸ್ಟ್ರಾದ ಮಾಲೀಕರು ಹೆಂಡತಿಯನ್ನು ಕರೆದುಕೊಂಡು ನನ್ನನ್ನು ನೋಡಲು ಬಂದರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಬಹಳ ಹೊತ್ತು ಬೇರೇನೇನೋ ಮಾತಾಡಿದರು. ಕೊನೆಗೆ ನಾನೇ ಕೇಳಿದೆ.

“ಗಣಪತಿ ಬಂದ ಬಿಡ್ತು ಕಾಕಾ. ನನ್ನ ಹಾಡು ಯಾರು ಹಾಡ್ತಾರ?”

“ಒಬ್ಬಾಕಿ ಕಾಲೇಜ್ ಹುಡುಗಿ ಸಿಕ್ಕಾಳ,” ಎಂದರು. “ನಿನ್ನಂಗ ಅಲ್ಲ. ಆದ್ರ ಖರೇ ಹೇಳ್ತೀನಿ ತಂಗಿ, ಚೊಲೊ ಹಾಡ್ತಾಳ. ನೀ ಆರಾಮ ತಗೋ. ಗಡಿಬಿಡಿ ಮಾಡಬ್ಯಾಡ.”

ಅವರು ಸುಳ್ಳು ಹೇಳಿ ನನ್ನನ್ನು ಸಮಾಧಾನ ಮಾಡಲಿಲ್ಲ. ಅದಕ್ಕೆ ಇವತ್ತಿಗೂ ಅವರ ಮೇಲೆ ಗೌರವವಿದೆ. ಅವತ್ತು ಮಾತ್ರ ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

ಆ ಮಳೆಗಾಲ ಹಾಗೇ ಕಳೆಯಿತು. ಚಳಿ ಶುರುವಾಗುವ ಹೊತ್ತಿಗೆ ಒಂದು ಭಾನುವಾರ ಅನಗೋಳದಿಂದ ಮಾಸ್ತರರು ಸೈಕಲ್ಲಿನ ಮೇಲೆ ಬಂದರು. ಅವರು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು, ಬಿಡುವಿದ್ದಾಗ ಆರ್ಕೆಸ್ಟ್ರಾದ ಆಂಪ್ಲಿಫೈಯರು, ಎಕೋ ಮಶಿನ್ನು ರಿಪೇರಿ ಮಾಡಿಕೊಡುತ್ತಿದ್ದರು. ಯಾವ ಕೆಲಸ ಹೇಳಿದರೂ ಐದು ಮಿನಿಟು ಸಾಕು ಎನ್ನುವ ಮನುಷ್ಯ. ಅವರ ಐದು ಮಿನಿಟು ಒಮ್ಮೆಯೂ ಐದೇ ಮಿನಿಟಿಗೆ ಮುಗಿದದ್ದು ನಾನು ಕಾಣೆ. ನನ್ನ ಗಂಡನಿಗೂ ಅವರಿಗೂ ಒಳ್ಳೆಯ ಸ್ನೇಹ, ಹಾಗಾಗಿ ನಾನು ಅವರಿಗೆ ವೈನಿ, ಅಂದರೆ ಅತ್ತಿಗೆ. ನನ್ನ ಗಂಡ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಪ್ಯಾಟರ್ನ್ ಮೇಕರ್. ಕಬ್ಬಿಣದ ಎರಕ ಹೊಯ್ಯುವ ಮೊದಲು ಮರದಲ್ಲಿ ಅದರ ಮಾದರಿ ಕಡೆದುಕೊಡುವ ಕೆಲಸ.

“ವೈನಿ, ನಿಮ್ಮ ಮ್ಯಾಲಿನ ಸಪ್ತಕ ನಾ ವಾಪಸ್ ತಂದ ಕೊಡ್ತೀನಿ,” ಎಂದು ಮಾಸ್ತರರು ಬಾಗಿಲಲ್ಲೇ ಹೇಳಿದರು. ಸೈಕಲ್ಲಿನ ಕ್ಯಾರಿಯರಿಗೆ ಅವರ ಸ್ಪೂಲ್ ಟೇಪ್ ರೆಕಾರ್ಡರ್ ಕಟ್ಟಿತ್ತು.

ಉಪಾಯ ಸರಳವಾಗಿತ್ತು. ಟೇಪನ್ನು ನಿಧಾನ ಓಡಿಸಿ ನಾನು ಕೆಳಗಿನ ಸಪ್ತಕದಲ್ಲಿ ಹಾಡುವುದು, ಆಮೇಲೆ ಅದನ್ನೇ ಎರಡು ಪಟ್ಟು ವೇಗದಲ್ಲಿ ಕೇಳಿಸುವುದು. ವೇಗ ಎರಡು ಪಟ್ಟಾದರೆ ದನಿ ಒಂದು ಸಪ್ತಕ ಮೇಲೇರುತ್ತದೆ. ಮಾಡುವುದು ಮಾತ್ರ ಸರಳವಿರಲಿಲ್ಲ. ಹಾಡಿನ ನಡೆಯನ್ನು ಅರ್ಧಕ್ಕೆ ಇಳಿಸಬೇಕು. ಸ್ವರಕ್ಕೆ ಕೊಡುವ ಕಂಪನವೂ ಅರ್ಧ ನಿಧಾನವಾಗಬೇಕು, ಇಲ್ಲವಾದರೆ ಕೇಳುವಾಗ ಹಾಡುವವಳಿಗೆ ಚಳಿ ಹಿಡಿದಂತೆ ಇರುತ್ತದೆ. ಸ್ವರ ಎಳೆದರಷ್ಟೇ ಸಾಲದು, ವ್ಯಂಜನವನ್ನೂ ಎಳೆಯಬೇಕು. ‘ಳ’ ಅನ್ನುವಾಗ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಒಂದಿಷ್ಟು ಹಿಡಿದು ಬಿಡಬೇಕು. ನಾನು ದಿನವೂ ಅಡುಗೆ ಮುಗಿಸಿ, ಕನ್ನಡವನ್ನು ಹೊಸದಾಗಿ ಕಲಿಯುವವಳ ಹಾಗೆ ಒಂದೊಂದೇ ಅಕ್ಷರ ಎಳೆಯುತ್ತ ಕೂರುತ್ತಿದ್ದೆ. ಚಳಿಗಾಲವೆಲ್ಲ ಅದಕ್ಕೇ ಹೋಯಿತು.

ಕೊನೆಗೆ ಒಂದು ಹಾಡು ಪೂರ್ತಿ ಬಂತು. ಮಾಸ್ತರರು ವೇಗದ ಗುಂಡಿ ತಿರುಗಿಸಿದರು. ಟೇಪಿನಿಂದ ತೆಳ್ಳನೆಯ, ಹೊಳೆಯುವ ದನಿಯೊಂದು ಹೊರಬಂತು. ಒಂದೂ ಸ್ವರ ಜಾರಿರಲಿಲ್ಲ. ಮಾಸ್ತರರು ತೊಡೆ ತಟ್ಟಿಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಅದನ್ನು ಕೇಳುತ್ತಿರುವಾಗ ನನ್ನ ಗಂಟಲಲ್ಲಿ ಏನೂ ಅಲುಗುತ್ತಿರಲಿಲ್ಲ, ಇನ್ನೊಬ್ಬರ ಹಾಡನ್ನು ರೇಡಿಯೊದಲ್ಲಿ ಕೇಳುವಾಗ ಅಲುಗುವಷ್ಟೂ ಇಲ್ಲ.

ನಮ್ಮ ಓಣಿಯವರು ಬಸವ ಜಯಂತಿಗೆ ಕಾರ್ಯಕ್ರಮ ಇಟ್ಟಿದ್ದರು. ಮಾಸ್ತರರೇ ಹೇಳಿ ಕಳಿಸಿದ್ದರಿಂದ ಕಮಿಟಿಯ ಹಿರಿಯರು ಒಂದು ಸಂಜೆ ಮನೆಗೆ ಬಂದು ಟೇಪ್ ಕೇಳಿದರು. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಅವರಲ್ಲಿ ಹಿರಿಯರಾದವರು ನನ್ನ ಕಡೆ ತಿರುಗಿದರು.

“ಭಾಳ ಚೊಲೊ ಐತಿ. ಈ ಹುಡುಗಿ ಯಾರ್ರಿ? ಆಕಿನ್ನ ಕರಸ್ರಿ, ಜಯಂತಿಗೆ ಹಾಡ್ಲಿ.”

“ಹುಡುಗಿ ಎಲ್ಲಿದ್ರಿ? ಇವರ ಹಾಡ್ಯಾರಲ್ಲ, ವೈನಿ,” ಎಂದರು ಮಾಸ್ತರರು ಹೆಮ್ಮೆಯಿಂದ.

ಹಿರಿಯರು ನನ್ನ ಮುಖ ನೋಡಿದರು, ಕತ್ತಿನ ಗಾಯದ ಗುರುತು ನೋಡಿದರು. “ಹಂಗಾದ್ರ ಎದುರಿಗೆ ಒಂದ ನುಡಿ ಹಾಡಿ ತೋರಸ್ರಿ ತಂಗಿ,” ಎಂದರು. ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನನಗೆ ಆಗಲಿಲ್ಲ. ಚಹಾ ಕುಡಿದು, ಬರ್ತೀವ್ರಿ ಎಂದು ಹೇಳಿ ಎದ್ದರು.

ಅವರನ್ನು ಕಳಿಸಿ ಬಂದ ನನ್ನ ಗಂಡ ಟೇಪ್ ರೆಕಾರ್ಡರಿನ ಮುಚ್ಚಳ ಹಾಕಿದರು. ಮಾತು ಕಡಿಮೆ ಅವರದು. “ದನಿ ಚಂದ ಐತಿ,” ಎಂದರು. “ಆದ್ರ ಆ ಹುಡುಗಿ ನಮ್ಮ ಮನ್ಯಾಗ ಇಲ್ಲಲ್ಲ.”

ಅವತ್ತೇ ನಿರ್ಧರಿಸಿದೆ. ಮುಂದಿನ ಭಾನುವಾರ ಮಾಸ್ತರರು ಹೊಸ ಸ್ಪೂಲ್ ಹಿಡಿದು ಬಂದಾಗ ಹೇಳಿದೆ. “ಮಾಸ್ತರ, ಆ ಹುಡುಗಿ ಬ್ಯಾಡ್ರಿ.”

“ಅಲ್ರಿ ವೈನಿ, ಇಷ್ಟು ದಿವಸ ಮಾಡಿದ್ದು?”

“ಮಾಡಿದ್ದು ದಂಡ ಆಗಿಲ್ರಿ. ನಿಧಾನ ಹಾಡೂದು ಕಲ್ತೆ, ಕೆಳಗ ಹಾಡೂದು ಕಲ್ತೆ. ಇನ್ನ ಮಶಿನ್ ನನ್ನ ದನಿ ಆಗೂದು ಬ್ಯಾಡ. ನನ್ನ ಬಾಜೂಕ ನಿಂತ್ರ ಸಾಕು. ನನಗ ಉಸಿರು ಸಾಲದಾಗ ಸ್ವರ ಹಿಡದ ನಿಲ್ಲಬೇಕು, ಅಷ್ಟ.”

ನನ್ನ ನಿಜವಾದ ತೊಂದರೆ ಅದೇ ಆಗಿತ್ತು. ಒಂದು ಕಡೆಯ ನರ ಸೋತಿದ್ದರಿಂದ ಗಂಟಲಲ್ಲಿ ಗಾಳಿ ಸೋರುತ್ತಿತ್ತು. ಒಂದು ಸಾಲು ಹಾಡುವಷ್ಟರಲ್ಲಿ ಎದೆ ಖಾಲಿ. ಮಾಸ್ತರರಿಗೆ ಬೇಸರವಾಗಿರಬೇಕು, ಕೆಲವು ವಾರ ಈ ಕಡೆ ಬರಲಿಲ್ಲ. ಮಳೆ ಹಿಡಿದ ಮೇಲೆ ಬಂದರು, ಚೀಲದಲ್ಲಿ ಒಂದು ರಾಶಿ ಟ್ರಾನ್ಸಿಸ್ಟರು, ವೈರು, ಕಂಡೆನ್ಸರು ತುಂಬಿಕೊಂಡು.

“ಮೂರು ಸ್ವರ ಸಾಕೇನ್ರಿ?” ಎಂದು ಕೇಳಿದರು. ನಾನು ಸಾಕು ಎಂದೆ. “ಹಂಗಾದ್ರ ಐದ ಮಿನಿಟಿನ ಕೆಲಸ.”

ಮೂರು ಆಸಿಲೇಟರ್‌ಗಳ ಒಂದು ಪೆಟ್ಟಿಗೆ. ತಂತಿಯಿಲ್ಲ, ಗಾಳಿಯ ತಿದಿಯಿಲ್ಲ. ಕರೆಂಟು ತಾನೇ ನಡುಗಿ ಸ್ವರವಾಗುತ್ತದೆ. ಗುಂಡಿ ತಿರುಗಿಸಿದರೆ ಸ್ವರ ಮೀಂಡಿನಂತೆ ಜಾರಿ ಮೇಲೆ ಕೆಳಗೆ ಹೋಗುತ್ತದೆ. ಮೊದಲು ಹಾಕಿದ್ದು ರೇಡಿಯೊದ ಸಣ್ಣ ಗುಂಡಿಗಳು. ಬೆರಳು ಸ್ವಲ್ಪ ಅಲುಗಿದರೆ ಷಡ್ಜ ಎಲ್ಲೋ ಹೋಗಿಬಿಡುತ್ತಿತ್ತು. ನನ್ನ ಗಂಡ ಒಂದು ಸಂಜೆ ಸುಮ್ಮನೆ ನಿಂತು ನನ್ನ ಬೆರಳುಗಳನ್ನು ನೋಡಿದರು. ಮರುವಾರ ಪ್ಯಾಟರ್ನಿನ ಮರದಲ್ಲಿ ಪೂರಿಯಷ್ಟು ಅಗಲದ ಮೂರು ಗುಂಡಿ ಕಡೆದು ತಂದರು, ಅಂಚಿಗೆ ಸಣ್ಣ ಗೀರು ಹಾಕಿ. ದೊಡ್ಡ ಗುಂಡಿಯಲ್ಲಿ ಕೈ ಬಹಳ ಸರಿದರೂ ಸ್ವರ ಸ್ವಲ್ಪವೇ ಸರಿಯುತ್ತದೆ. ಅದರಿಂದ ನನ್ನ ಕೈಗೆ ಶ್ರುತಿ ಸಿಕ್ಕಿತು. ಅವರು ಹಾಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಗುಂಡಿ ಬಿಗಿಯಾಗಿದೆಯೇ ಸಡಿಲವೇ ಎಂದಷ್ಟೇ ಕೇಳಿದರು.

ಆದರೆ ಸ್ವರ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಹಾಡು ಶುರು ಮಾಡಿದಾಗ ಸರಿಯಿದ್ದ ಷಡ್ಜ ಎರಡನೇ ನುಡಿಯ ಹೊತ್ತಿಗೆ ಇಳಿದಿರುತ್ತಿತ್ತು. ತಪ್ಪು ನನ್ನದೆಂದು ಎಷ್ಟೋ ದಿನ ನಂಬಿದ್ದೆ. ಮಾಸ್ತರರು ಪೆಟ್ಟಿಗೆಯೊಳಗಿನ ವೈರುಗಳನ್ನು ಒಂದೊಂದಾಗಿ ಬದಲಿಸಿದರು, ಕಂಡೆನ್ಸರಿನ ತಪ್ಪೆಂದರು, ನೆಲದ ಥಂಡಿಯ ತಪ್ಪೆಂದರು. ಒಂದು ದಿನ ಸ್ವರ ಇಳಿಯುವ ಹೊತ್ತಿಗೇ ತಲೆಯ ಮೇಲಿನ ಬಲ್ಬು ಕೆಂಪಗಾದದ್ದನ್ನು ಮೂವರೂ ನೋಡಿದೆವು. ಸಂಜೆ ಎಲ್ಲರ ಮನೆಯ ದೀಪ, ಅತ್ತ ಕಾರ್ಖಾನೆಗಳ ಮೋಟಾರು, ಎಲ್ಲ ಒಮ್ಮೆಲೇ ಎಳೆದರೆ ವೋಲ್ಟೇಜ್ ಕುಸಿಯುತ್ತಿತ್ತು. ವೋಲ್ಟೇಜಿನ ಜೊತೆ ನನ್ನ ಷಡ್ಜವೂ.

“ಕರೆಂಟ್ ನೆಚ್ಚಿಕೊಂಡು ಹಾಡೂದ ಬ್ಯಾಡ,” ಎಂದರು ನನ್ನ ಗಂಡ. ಫೌಂಡ್ರಿಯ ಲಾರಿ ಡ್ರೈವರನಿಂದ ಹಳೆಯ ಬ್ಯಾಟರಿಯೊಂದು ಮನೆಗೆ ಬಂತು. ಅದಕ್ಕೆ ಪೆಟ್ಟಿಗೆ ಜೋಡಿಸಿದ ಮೇಲೆ ಸ್ವರ ಅಲುಗದೆ ನಿಂತಿತು. ಮೊದಲು ಒಂದಿಷ್ಟು ಹೊತ್ತು ಹಾಗೇ ಚಾಲೂ ಬಿಟ್ಟು, ಟ್ರಾನ್ಸಿಸ್ಟರು ಬೆಚ್ಚಗಾದ ಮೇಲೆ ಶ್ರುತಿ ಮಾಡಿದರೆ ಆಯಿತು.

ಮೊದಲು ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯನ್ನು, ಅಂದರೆ ಕಪ್ಪು ನಾಲ್ಕನ್ನು, ಷಡ್ಜ ಮಾಡಿಕೊಂಡು ಹಾಡುತ್ತಿದ್ದವಳು ಈಗ ಕಪ್ಪು ಒಂದಕ್ಕೆ ಇಳಿದಿದ್ದೆ. ಸಿನಿಮಾ ಹಾಡು ಯಾವುದೂ ಅಲ್ಲಿ ಕೂರಲಿಲ್ಲ. ಹಾಗಾಗಿ ನಾನೇ ಕಟ್ಟಿದೆ, ಚಿಕ್ಕ ಚಿಕ್ಕ ಸಾಲು, ಉಸಿರು ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೆ ಸಾಲೂ ಮುಗಿಯುವ ಹಾಗೆ.

ತಂತಿ ಮ್ಯಾಲಿನ ಅರಿವಿ ಒಣಗಲಿಲ್ಲ,
ಬಂದ ಮಳಿ ಮನಿಗೆ ಹೋಗಲಿಲ್ಲ.

ಒಂದು ಸಾಲು ಹಾಡಿ ನಿಲ್ಲಿಸುತ್ತಿದ್ದೆ. ಪೆಟ್ಟಿಗೆ ಆ ಸ್ವರವನ್ನು ಹಿಡಿದು ನಿಂತಿರುತ್ತಿತ್ತು. ಉಸಿರು ತುಂಬಿಕೊಂಡು ಮತ್ತೆ ಅದೇ ಸ್ವರಕ್ಕೆ ಬಂದು ಸೇರುತ್ತಿದ್ದೆ. ಎರಡು ಹಾಡು ಹೀಗೆ ಸಿದ್ಧವಾದವು.

ಗಣಪತಿ ಕೂರುವ ಕೆಲವು ದಿನ ಮೊದಲು ಕಾಕಾ ಬಂದರು. ಮಾಸ್ತರರ ಬಾಯಲ್ಲಿ ಸುದ್ದಿ ನಿಲ್ಲುವುದಿಲ್ಲವಲ್ಲ. ಪೆಟ್ಟಿಗೆಯನ್ನು ಸುತ್ತ ನೋಡಿದರು, ಒಂದು ಹಾಡು ಕೇಳಿದರು. ಚೆನ್ನಾಗಿದೆ ಎನ್ನಲಿಲ್ಲ.

“ಖಾನಾಪುರದಾಗ ಒಂದ ಹಂಚಿನ ಫ್ಯಾಕ್ಟರಿ ಗಣಪತಿ ಐತಿ,” ಎಂದರು. “ಮಧ್ಯಾಹ್ನದ ಪ್ರೋಗ್ರಾಂ. ಕೆಲಸದ ಹೆಣ್ಮಕ್ಕಳ ಜಾಸ್ತಿ. ನಮ್ಮ ಹುಡುಗರು ಚಾ ಕುಡಿಯೋ ವ್ಯಾಳ್ಯಾದಾಗ ಎರಡ ಹಾಡು ಹಾಡ್ತಿ ಏನು? ಜನ ಏನಂತಾರ ನನಗ ಗೊತ್ತಿಲ್ಲ, ತಂಗಿ. ಎಬ್ಬಿಸಿದ್ರ ನಾ ತಡಿಯಾಕ ಆಗೂದಿಲ್ಲ.”

“ಹಾಡ್ತೀನಿ ಕಾಕಾ,” ಎಂದೆ. ಅವರು ಹೋದ ಮೇಲೆ ನನ್ನಷ್ಟಕ್ಕೆ ನಾನೇ ಅಂದುಕೊಂಡೆ: ಅಲ್ಲಿ ಜನ ಹಾಡಿನ ನಡುವೆ ಎಬ್ಬಿಸಿದರೆ ಈ ಪೆಟ್ಟಿಗೆಯನ್ನು ಮಾಸ್ತರರ ಲ್ಯಾಬಿಗೆ ಕೊಟ್ಟುಬಿಡುವುದು, ಮತ್ತೆ ಹಾಡಿನ ಹೆಸರು ಎತ್ತಬಾರದು.

ಮೆಟಡೋರಿನಲ್ಲಿ ಡ್ರಮ್ಮು, ಅಕಾರ್ಡಿಯನ್ನು, ಸ್ಪೀಕರು, ಅವುಗಳ ನಡುವೆ ಮೊಣಕಾಲ ಮೇಲೆ ಪೆಟ್ಟಿಗೆ ಇಟ್ಟುಕೊಂಡು ನಾನು. ಮಾಸ್ತರರು ಬ್ಯಾಟರಿ ಹಿಡಿದುಕೊಂಡು ಹಿಂದೆ ಕೂತಿದ್ದರು. ಹೊಸ ಹುಡುಗಿ ನನ್ನ ಪಕ್ಕದಲ್ಲಿ ಕೂತಿದ್ದಳು. ಬಹಳ ಸಂಕೋಚದಿಂದ, “ಅಕ್ಕಾ, ನಾ ನಿಮ್ಮ ಹಾಡ ಕೇಳೇ ಕಲ್ತಿದ್ದು,” ಎಂದಳು. ಅವಳ ಕೈ ಹಿಡಿದುಕೊಂಡೆ.

ಕಾರ್ಖಾನೆಯಲ್ಲಿ ಗಣಪತಿಯನ್ನು ಕೂರಿಸಿದ್ದು ಹಂಚು ಇಡುವ ಶೆಡ್ಡಿನಲ್ಲಿ. ಉದ್ದನೆಯ ಶೆಡ್ಡು, ಎರಡೂ ಪಕ್ಕಕ್ಕೆ ಮಾಡಿನವರೆಗೆ ಮರದ ಚೌಕಟ್ಟು, ಅದರ ತುಂಬ ಸುಟ್ಟ ಹಂಚು. ಗಾಳಿಯೆಲ್ಲ ಮಣ್ಣಿನ ವಾಸನೆ. ಮೇಲೆ ಮಳೆ ಬಿಡದೆ ಹೊಯ್ಯುತ್ತಿತ್ತು. ನನ್ನ ಪೆಟ್ಟಿಗೆಯ ಸ್ವರಕ್ಕೆ ಸಾಮಾನ್ಯ ಸ್ಪೀಕರು ಸಾಲದೆಂದು ಕಾಕಾ ಬೇಸ್ ಗಿಟಾರಿನವನ ದೊಡ್ಡ ಬಾಕ್ಸನ್ನು ಕೊಡಿಸಿದರು. ಅವನು ಒಲ್ಲದ ಮನಸ್ಸಿನಿಂದಲೇ ವೈರು ಬಿಚ್ಚಿಕೊಟ್ಟ.

ಜನ ಬರುವ ಮೊದಲು ಪರೀಕ್ಷೆ ಮಾಡಿದೆವು. ಕಪ್ಪು ಒಂದರಲ್ಲಿ ಸ್ವರ ಹಿಡಿದೆ. ಶೆಡ್ಡಿನ ಉದ್ದಕ್ಕೂ ಅದು ಚದುರಿಹೋಯಿತು, ಮಳೆಯ ಸದ್ದಿನಲ್ಲಿ ಎಲ್ಲಿದೆ ಎಂದೇ ತಿಳಿಯಲಿಲ್ಲ. ಗುಂಡಿಯನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿದೆ, ಇನ್ನೂ ಸ್ವಲ್ಪ. ಒಂದು ಕಡೆಗೆ ಬಂದಾಗ ನೆಲದಿಂದಲೇ ಎಂಬಂತೆ ಸ್ವರ ದಪ್ಪಗಾಗಿ ಎದ್ದಿತು. ಪಕ್ಕದ ಚೌಕಟ್ಟಿನಲ್ಲಿ ಒತ್ತಾಗಿ ನಿಲ್ಲಿಸಿದ್ದ ಹಂಚುಗಳು ಒಂದಕ್ಕೊಂದು ತಾಗಿ ಗುಂಯ್‌ಗುಡತೊಡಗಿದವು.

“ಏ, ಹಂಚ ನಡಗಾಕತ್ತಾವ,” ಎಂದರು ಮಾಸ್ತರರು ಗಾಬರಿಯಾಗಿ. “ಮ್ಯಾಲೆ ತಗೊಳ್ರಿ ವೈನಿ. ನಿಮ್ಮ ಸ್ವರ ಕಪ್ಪು ಒಂದು.”

ಮೇಲೆ ತೆಗೆದೆ. ಹಂಚು ಸುಮ್ಮನಾದವು. ಸ್ವರವೂ ಮಳೆಯಲ್ಲಿ ಕರಗಿತು. ಮತ್ತೆ ಕೆಳಗಿಳಿಸಿದೆ. ಮತ್ತೆ ಶೆಡ್ಡು ತುಂಬಿತು. ಆ ಸ್ವರ ಕಪ್ಪು ಒಂದರ ಕೆಳಗಿನ ಬಿಳಿ ಒಂದಕ್ಕಿಂತಲೂ ಒಂದೆಳೆ ಕೆಳಗಿತ್ತು, ಹಾರ್ಮೋನಿಯಂನಲ್ಲಿ ಅದಕ್ಕೆ ಮನೆಯೇ ಇಲ್ಲ. ಅಲ್ಲಿಂದ ಹಾಡಿದರೆ ನನ್ನ ಕೆಳಗಿನ ಸ್ವರಗಳು ಗಂಟಲಿನ ತಳಕ್ಕೆ ಹೋಗಿ ಮುಟ್ಟುತ್ತವೆ. ತಿಂಗಳುಗಟ್ಟಲೆ ಮಾಡಿದ ಅಭ್ಯಾಸವೆಲ್ಲ ಬೇರೆ ಸ್ವರದ್ದು.

ಅಲ್ಲಿಯವರೆಗೆ ನಾನು ಮಾಡಿದ ಕೆಲಸವೆಲ್ಲ ಸ್ವರವನ್ನು ಒಂದು ಜಾಗದಲ್ಲಿ ಕಟ್ಟಿಹಾಕುವುದೇ ಆಗಿತ್ತು. ಈ ಶೆಡ್ಡಿಗೆ ತನ್ನದೇ ಸ್ವರವಿತ್ತು. ನಾನು ಅಲ್ಲಿಗೆ ಹೋಗಬೇಕು, ಅಷ್ಟೆ. “ಇಲ್ಲಿಂದನ ಹಾಡ್ತೀನ್ರಿ ಮಾಸ್ತರ,” ಎಂದೆ.

“ಹಂಚ ಒಡದ್ರ?”

ಅಲ್ಲೇ ನಿಂತಿದ್ದ, ಕೆಲಸದವರ ಮೇಲ್ವಿಚಾರಣೆ ನೋಡುವ ಮುಕಾದಮರು ಒಂದು ಹಂಚನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದರು. “ಭಟ್ಟಿಯೊಳಗ ಉಳದಾವ್ರಿ ಇವು. ಹಾಡ್ರಿ, ಏನ ಆಗೂದಿಲ್ಲ,” ಎಂದು ನಕ್ಕರು.

ಆರ್ಕೆಸ್ಟ್ರಾದ ಮೊದಲ ಭಾಗ ಚೆನ್ನಾಗಿ ನಡೆಯಿತು. ಹುಡುಗಿ ಸೊಗಸಾಗಿ ಹಾಡಿದಳು. ಗೋಣಿಚೀಲದ ಮೇಲೆ ಸಾಲಾಗಿ ಕೂತಿದ್ದ ಹೆಂಗಸರು ಚಪ್ಪಾಳೆಯಲ್ಲೇ ತಾಳ ಹಾಕಿದರು. ಆಮೇಲೆ ಕಾಕಾ ಮೈಕಿನಲ್ಲಿ, ನಮ್ಮ ಹಳೆಯ ಕಲಾವಿದೆ ಒಂದು ಹೊಸ ನಮೂನೆಯ ಹಾಡು ಹಾಡುತ್ತಾರೆ ಎಂದಷ್ಟೇ ಹೇಳಿ ಸರಿದರು. ವಾದ್ಯದವರು ಚಹಾದ ಕಡೆ ಎದ್ದರು. ಹಿಂದಿನ ಸಾಲಿನ ಕೆಲವು ಹೆಂಗಸರೂ ಸೆರಗು ಕೊಡವಿಕೊಂಡು ಎದ್ದು ನಿಂತರು.

ಗುಂಡಿ ತಿರುಗಿಸಿದೆ. ಸ್ವರ ನೆಲದ ಮೇಲೆ ಹರಿದು ಬಂತು. ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಎಡಗಡೆಯ ಚೌಕಟ್ಟು ಗುಂಯ್‌ಗುಟ್ಟಿತು, ಆಮೇಲೆ ಬಲಗಡೆಯದು. ಎದ್ದವರು ನಿಂತಲ್ಲೇ ತಿರುಗಿ ನೋಡಿದರು.

“ಅಗ, ಕೌಲಂ ಗಾತಾತ ಕೀ,” ಎಂದಳು ಒಬ್ಬಳು ಪಕ್ಕದವಳಿಗೆ, ಹಂಚು ಹಾಡುತ್ತಿವೆ ಎಂದು ಮರಾಠಿಯಲ್ಲಿ. ದಿನವೂ ತಲೆಯ ಮೇಲೆ ಹೊತ್ತು ಸಾಗಿಸುವ ಹಂಚು. ಅವಳು ಹೋಗಿ ಒಂದರ ಮೇಲೆ ಅಂಗೈ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು.

ನಾನು ಹಾಡತೊಡಗಿದೆ. ತಂತಿ ಮ್ಯಾಲಿನ ಅರಿವಿ ಒಣಗಲಿಲ್ಲ. ಎರಡನೇ ಸಾಲಿನ ಕೊನೆಗೆ ದನಿ ಒಡೆಯಿತು, ‘ಹೋಗಲಿಲ್ಲ’ದ ಲ ಅರ್ಧಕ್ಕೇ ನಿಂತಿತು. ಮೊದಲಾಗಿದ್ದರೆ ಭೂಮಿಗಿಳಿದು ಹೋಗುತ್ತಿದ್ದೆ. ಅಲ್ಲಿ ಪೆಟ್ಟಿಗೆ ಸ್ವರ ಬಿಡಲಿಲ್ಲ, ಹಂಚು ಬಿಡಲಿಲ್ಲ. ಉಸಿರು ಎಳೆದುಕೊಂಡೆ, ಒಡೆದ ಅಕ್ಷರವನ್ನು ಮತ್ತೆ ಹಿಡಿದು ಮುಗಿಸಿದೆ. ಯಾರೂ ನಗಲಿಲ್ಲ. ಆಮೇಲೆ ಹೆದರಿಕೆ ಕಡಿಮೆಯಾಯಿತು. ನನ್ನ ಗಂಟಲಲ್ಲಿ ಅಲುಗುತ್ತಿದ್ದುದು ನನಗೇ ತಿಳಿಯುತ್ತಿತ್ತು, ಎದೆಯ ಮೂಳೆಯವರೆಗೆ. ಎದ್ದು ನಿಂತವರು ಯಾವಾಗ ಮತ್ತೆ ಕೂತರೋ ನಾನು ನೋಡಲಿಲ್ಲ.

ಎರಡೂ ಹಾಡು ಮುಗಿದವು. ಚಪ್ಪಾಳೆ ಬೀಳಲಿಲ್ಲ, ಮಳೆಯ ಸದ್ದಷ್ಟೇ ಇತ್ತು. ವಾದ್ಯದವರು ಚಹಾ ಮುಗಿಸಿ ಬಂದು ಪಕ್ಕದಲ್ಲಿ ನಿಂತಿದ್ದರು. ಡ್ರಮ್ಮಿನವನು ಕೋಲು ಕೈಗೆತ್ತಿಕೊಂಡ. ನಾನು ವೈರು ಬಿಚ್ಚಲು ಬಾಗಿದೆ.

“ಏ, ಕುಂದ್ರು,” ಎಂದರು ಕಾಕಾ ಅವನಿಗೆ. ಆಮೇಲೆ ನನ್ನ ಕಡೆ ನೋಡಿ, “ಇನ್ನೊಂದ ಹಾಡು, ತಂಗಿ,” ಎಂದರು.

ನನ್ನ ಬಳಿ ಇನ್ನೊಂದು ಹಾಡಿರಲಿಲ್ಲ. ಮೈಕಿನಲ್ಲಿ ಅದನ್ನೇ ಹೇಳಿದೆ. “ನನಗ ಬರೂದು ಎರಡ ರೀ. ಮುಗದ್ವು.”

ಮುಂದಿನ ಸಾಲಿನಲ್ಲಿ ಕೂತಿದ್ದ, ಕೂದಲು ಹಣ್ಣಾದ ಒಬ್ಬ ಕೆಲಸದ ಹೆಂಗಸು ಕತ್ತೆತ್ತಿದಳು. ಅವಳ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣಿತ್ತು.

“ಹಾಡ ಇಲ್ಲಂದ್ರ ಇರ್ಲಿ ಬಿಡ ಯವ್ವಾ,” ಎಂದಳು. “ಆ ಹಂಚ ಗುಂಯ್ ಅನ್ನಸ್ತಿದ್ದಿಯಲ್ಲ, ಅದನ್ನ ಮಾಡು. ನಾವೂ ಅಂತೀವಿ.”

ಗುಂಡಿ ತಿರುಗಿಸಿದೆ. ಸ್ವರ ಜಾರಿ ಜಾರಿ ತನ್ನ ಜಾಗಕ್ಕೆ ಬಂತು, ಹಂಚುಗಳ ದನಿ ಎದ್ದಿತು. ಅವಳು ಬಾಯಿ ಮುಚ್ಚಿಯೇ ಆ ಸ್ವರ ಹಿಡಿದಳು. ಪಕ್ಕದವಳು ಹಿಡಿದಳು, ಆಮೇಲೆ ಹಿಂದಿನವರು. ಶೆಡ್ಡಿನ ಆ ತುದಿಯವರೆಗೂ ಕೆಳಗಿನ ದನಿಗಳು. ಮೇಲೆ ಹೋಗಬೇಕೆಂದು ಅಲ್ಲಿ ಯಾರಿಗೂ ಇರಲಿಲ್ಲ. ನಾನೂ ಅದೇ ಸ್ವರ ಹಿಡಿದೆ, ನನ್ನ ಉಸಿರು ಮುಗಿದಲ್ಲಿ ನಿಲ್ಲಿಸಿದೆ, ತುಂಬಿಕೊಂಡೆ, ಮತ್ತೆ ಅವರ ನಡುವೆ ಸೇರಿಕೊಂಡೆ.